ಲೋಹದ ಮೇಲೆ ಕೂಟಶಾಸನ

ಹಳೆಯ ಬ್ರಿಟಿಷ್ ಮೋಟಾರ್‌ಸೈಕಲ್ಲಿನ ಇಸವಿ ಯಾವುದು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರಿಗಿಂತ ಉತ್ತರ ತಯಾರಿಸುವವರೇ ಈಗ ನಮ್ಮ ನಗರಗಳಲ್ಲಿ ಹೆಚ್ಚಾಗಿದ್ದಾರೆ. ಕೊಳ್ಳುವವನಿಗೆ ಯುದ್ಧಕಾಲದ ಗಾಡಿ ಬೇಕೆಂದರೆ 1942. ಸ್ವಾತಂತ್ರ್ಯದ ವರ್ಷದ ಗಾಡಿ ಬೇಕೆಂದರೆ 1947. ಹಳೆಯ ಸಂಖ್ಯೆಯನ್ನು ಉಜ್ಜಿಹಾಕಲು ಒಂದು ಗ್ರೈಂಡರ್, ಹೊಸ ಸಂಖ್ಯೆಯನ್ನು ಹೊಡೆಯಲು ಒಂದು ಪೆಟ್ಟಿಗೆ ಪಂಚುಗಳು, ಮೇಲೆ ಬಳಿಯಲು ಒಂದು ಡಬ್ಬಿ ಬಣ್ಣ, ಇಷ್ಟಿದ್ದರೆ ಇತಿಹಾಸ ಸಿದ್ಧ. ಇದನ್ನು ವ್ಯಾಪಾರದ ಚಮತ್ಕಾರವೆಂದು ನಕ್ಕು ಸುಮ್ಮನಾಗುವುದು ನಮ್ಮಿಂದಾಗದು. ಇದು ದಾಖಲೆಯ ಕೊಲೆಯೆಂಬುದು ನಮ್ಮ ವಾದ. ಆ ಕೊಲೆಗೆ ಮಾರುವವನಷ್ಟೇ ಕೊಳ್ಳುವವನೂ, ಅವರಿಬ್ಬರ ಜೊತೆಗೆ ಸರ್ಕಾರದ ನಿಯಮವೂ ಹೊಣೆಯೆಂಬುದು ಆ ವಾದದ ಉಳಿದರ್ಧ.

ಪುಸ್ತಕ ಓದುವ ಬಳಗಕ್ಕೆ ಮೋಟಾರ್‌ಸೈಕಲ್ಲಿನ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ಇಸವಿಯ ಜಗಳ ಕನ್ನಡಿಗರಿಗೆ ಹೊಸದೇನಲ್ಲ ಎಂಬುದೇ ಅವರಿಗೆ ನಮ್ಮ ಉತ್ತರ. ಪಂಪನ ಆದಿಪುರಾಣದಲ್ಲಿ ಶಕವರ್ಷ 863ರ ಉಲ್ಲೇಖವಿರುವುದರಿಂದ ಆ ಕೃತಿಯನ್ನು ಕ್ರಿ.ಶ. 941ರಲ್ಲಿ ನಿಲ್ಲಿಸಿದ್ದೇವೆ. ಅವನ ವಂಶದ ವಿಷಯದಲ್ಲಿ ಮಹತ್ವದ ಸಾಕ್ಷ್ಯವೊಂದು ದೊರೆತದ್ದು ಕರ್ನಾಟಕದ ಹೊರಗೆ, ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ, ಅವನ ತಮ್ಮ ಜಿನವಲ್ಲಭ ಬರೆಯಿಸಿದ ಶಾಸನದಲ್ಲಿ. ಒಳಗಿನ ಸಾಕ್ಷ್ಯ, ಹೊರಗಿನ ಸಾಕ್ಷ್ಯ, ಅವೆರಡೂ ಕೂಡಿದಾಗ ಮಾತ್ರ ಕಾಲನಿರ್ಣಯ: ಇದು ನಮ್ಮ ವಿದ್ವಾಂಸರು ನಮಗೆ ಕಲಿಸಿದ ಶಿಸ್ತು. ತಾಳೆಗರಿಗೆ ಸಲ್ಲುವ ಶಿಸ್ತು ಎರಕದ ಅಲ್ಯೂಮಿನಿಯಮ್ಮಿಗೆ ಸಲ್ಲದೆಂದು ಯಾರೂ ಹೇಳಿಲ್ಲ.

ನಾವಿರುವ ವಿಮಾನ ನಗರಕ್ಕೆ ಆ ಹೆಸರು ಬಂದದ್ದು ಬಗಲಿನ ಲೋಹಗಾಂವ್ ವಿಮಾನ ನಿಲ್ದಾಣದಿಂದ. ಅಲ್ಲಿ ಬ್ರಿಟಿಷರು ವಾಯುಪಡೆಯ ನೆಲೆಯನ್ನು ಆರಂಭಿಸಿದ್ದು 1939ರಲ್ಲಿ. ಇತ್ತ ಖಡಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ, ಅತ್ತ ಪುಣೆ ದಂಡುಪ್ರದೇಶ. ಎರಡನೆಯ ಮಹಾಯುದ್ಧದಲ್ಲಿ ಸುದ್ದಿ ಒಯ್ಯುವ ಸವಾರರ ಅಡಿಯಲ್ಲಿದ್ದದ್ದು ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಎಂ20, ನಾರ್ಟನ್ 16ಎಚ್, ಮ್ಯಾಚ್‌ಲೆಸ್ ಜಿ3/ಎಲ್ ಮೊದಲಾದ ಗಾಡಿಗಳು. ಎಂ20 ಒಂದೇ ಯುದ್ಧಕ್ಕಾಗಿ ಸುಮಾರು 1,26,000ದಷ್ಟು ತಯಾರಾಯಿತು. ಯುದ್ಧ ಮುಗಿದು ಸೈನ್ಯ ಹರಾಜಿಗಿಟ್ಟ ಗಾಡಿಗಳು ದಂಡಿನ ಊರುಗಳ ಗ್ಯಾರೇಜುಗಳಿಗೆ ಇಳಿದವು, ಅಲ್ಲಿಂದ ತೋಟದ ಮನೆಗಳಿಗೆ, ಗುಜರಿಗೆ. ಈಗ ಅವು ಮತ್ತೆ ಮೇಲೆದ್ದು ಬರುತ್ತಿವೆ. ವಿಮಾನ ನಗರದ ವಸತಿ ಸಮುಚ್ಚಯಗಳ ನೆಲಮಾಳಿಗೆಗಳಲ್ಲಿ ಕಾರುಗಳ ನಡುವೆ ಬಟ್ಟೆ ಹೊದ್ದು ನಿಂತ ಇಂಥ ಗಾಡಿಗಳನ್ನು ಕಂಡವರಿಗೆ, ಅವುಗಳ ಯಜಮಾನರಲ್ಲಿ ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರುಗಳಿಂದ ಬಂದು ಗಣಕದ ಕೆಲಸದಲ್ಲಿರುವ ನಮ್ಮವರೂ ಇದ್ದಾರೆಂಬುದು ಗೊತ್ತು.

ಅಂಥ ಒಂದು ನೆಲಮಾಳಿಗೆಯಲ್ಲಿ ಬಳಗದ ಸ್ನೇಹಿತರೊಬ್ಬರ ಗಾಡಿಯನ್ನು ನಾವು ಟಾರ್ಚು ಹಿಡಿದು ಓದಿದ್ದೇವೆ. ಕಾಗದದಲ್ಲಿ ಅದು 1942ರ ಎಂ20. ಎಂಜಿನ್ ಸಂಖ್ಯೆ ಎಡಗಡೆ, ಸಿಲಿಂಡರ್ ಕೂರುವ ಬುಡದ ಕೆಳಗೆ. ಫ್ರೇಮಿನ ಸಂಖ್ಯೆ ಹ್ಯಾಂಡಲ್ಲಿನ ಕೆಳಗೆ, ಕತ್ತಿನ ಬಳಿ. ಎರಡೂ ಒಂದೇ ಸಂಖ್ಯೆ. ಇದನ್ನೇ ಮಾರಿದವನು ಅಪ್ಪಟತನದ ಪುರಾವೆಯೆಂದು ತೋರಿಸಿದ್ದನಂತೆ. ಆದರೆ ಆ ಕಾಲದ ಬಿ.ಎಸ್.ಎ. ಕಾರ್ಖಾನೆಯಲ್ಲಿ ಎಂಜಿನ್ನಿಗೆ ಒಂದು ಸರಣಿ, ಫ್ರೇಮಿಗೆ ಬೇರೊಂದು ಸರಣಿ. ಅವೆರಡನ್ನೂ ಜೊತೆಗೂಡಿಸುತ್ತಿದ್ದದ್ದು ರವಾನೆಯ ಪುಸ್ತಕ ಮಾತ್ರ. ಎರಡು ಕಡೆ ಒಂದೇ ಸಂಖ್ಯೆಯಿದ್ದರೆ ಅದು ಕಾರ್ಖಾನೆಯ ಹೊರಗೆ ಹೊಡೆದದ್ದೆಂದು ಅನುಮಾನಿಸಲೇಬೇಕು. ಟ್ರಯಂಫ್ ಗಾಡಿಗಳ ಲಕ್ಷಣವನ್ನು ಎಲ್ಲೋ ಕೇಳಿ ಬಿ.ಎಸ್.ಎ.ಗೆ ಅಂಟಿಸಿದ ಜಾಣ ತನ್ನ ಜಾಣತನದಿಂದಲೇ ಸಿಕ್ಕಿಬಿದ್ದಿದ್ದ. ಮುಂದಿನ ಚಕ್ರವನ್ನು ಹಿಡಿದಿದ್ದದ್ದು ಟೆಲಿಸ್ಕೋಪಿಕ್ ಫೋರ್ಕು. ಎಂ20ಗೆ ಅದು ಬಂದದ್ದು 1948ರಲ್ಲಿ, ಅದಕ್ಕೆ ಮೊದಲು ಇದ್ದದ್ದು ಗರ್ಡರ್ ಫೋರ್ಕು. ಟ್ಯಾಂಕಿನ ಮೇಲೆ ಥಳಥಳಿಸುವ ಕ್ರೋಮು. ಯುದ್ಧಕ್ಕೆ ಹೋದ ಗಾಡಿಗೆ ಖಾಕಿ ಬಣ್ಣವಿರುತ್ತಿತ್ತೇ ಹೊರತು ಶತ್ರುವಿಗೆ ದೂರದಿಂದಲೇ ಮಿಂಚುವ ಮೆರುಗಿರುತ್ತಿರಲಿಲ್ಲ. ಲೂಕಾಸ್ ಡೈನಮೋದ ಮೈಮೇಲೆ ತಿಂಗಳು, ವರ್ಷಗಳ ಮುದ್ರೆ: ವರ್ಷದ ಜಾಗದಲ್ಲಿ 51. ಗಾಡಿ ಸುಳ್ಳಾಡಿರಲಿಲ್ಲ. ತನ್ನ ಒಂದೊಂದು ಅಂಗದ ವಯಸ್ಸನ್ನೂ ಅದು ಸರಿಯಾಗಿಯೇ ಹೇಳುತ್ತಿತ್ತು.

ಹೀಗೆ ಓದುವುದು ಮಂತ್ರವಿದ್ಯೆಯಲ್ಲ. ಬಿ.ಎಸ್.ಎ. ತನ್ನ ಸಂಖ್ಯೆಗಳ ಮುಂದೆ ವರ್ಷಕ್ಕೊಂದು ಅಕ್ಷರವನ್ನಿಡುತ್ತಿತ್ತು: 1937ಕ್ಕೆ ಎಚ್, 1938ಕ್ಕೆ ಜೆ, 1939ಕ್ಕೆ ಕೆ. ಯುದ್ಧದ ಗಾಡಿಗಳಿಗೆ ಡಬ್ಲ್ಯು. ಅನಂತರ ಅಕ್ಷರಮಾಲೆ ಎಕ್ಸ್, ವೈ, ಜೆಡ್ ಎಂದು ಸಾಗುತ್ತದೆ. ಮ್ಯಾಚ್‌ಲೆಸ್ ಜಿ3/ಎಲ್‌ಗೆ ಟೆಲಿಸ್ಕೋಪಿಕ್ ಫೋರ್ಕು 1941ರಲ್ಲಿಯೇ ಬಂದಿತ್ತು. ಆದ್ದರಿಂದ ಎಂ20ರಲ್ಲಿ ಸಂಶಯ ಹುಟ್ಟಿಸುವ ಫೋರ್ಕು ಜಿ3/ಎಲ್‌ನಲ್ಲಿ ಸಾಧುವೇ ಸರಿ. ಒಂದು ಮಾದರಿಯ ವ್ಯಾಕರಣವನ್ನು ಇನ್ನೊಂದಕ್ಕೆ ಹೇರಕೂಡದು. 1942ರಲ್ಲಿ ಮಲಯ ಜಪಾನೀಯರ ವಶವಾದಾಗ ಬ್ರಿಟನ್ನಿಗೆ ರಬ್ಬರು ದುರ್ಲಭವಾಯಿತು. ಅದರ ಫಲವಾಗಿ ಸೈನ್ಯದ ಗಾಡಿಗಳ ಹಿಡಿಕೆಗೆ ಕ್ಯಾನ್ವಾಸ್ ಬಂತು, ಕಾಲಿಡುವಲ್ಲಿ ಬರಿಯ ಲೋಹ ಉಳಿಯಿತು. ಸಿಂಗಾಪುರದ ಸೋಲು ಒಬ್ಬ ಸವಾರನ ಅಂಗೈಗೆ ತಗುಲಿದ ಬಗೆ ಅದು. ಹಿಡಿಕೆಯನ್ನು ಬದಲಿಸಿದರೆ ಒಂದು ಹಿಡಿಕೆ ಹೋಗುತ್ತದೆ, ನಿಜ. ಇಸವಿಯನ್ನು ಬದಲಿಸಿದರೆ ಆ ಹಿಡಿಕೆ ಏಕೆ ಹಾಗಿತ್ತೆಂಬ ಪ್ರಶ್ನೆಯೇ ಹೋಗುತ್ತದೆ.

ಇಷ್ಟಾದ ಮೇಲೂ ಇಸವಿಯೆಂದರೆ ಒಂದೇ ಇಸವಿ ಎಂಬ ಭ್ರಮೆ ಉಳಿಯಬಹುದು. ಒಂದು ಗಾಡಿಗೆ ಕನಿಷ್ಠ ಮೂರು ಇಸವಿಗಳಿವೆ: ತಯಾರಾದದ್ದು, ಮಾದರಿಯದ್ದು, ನೋಂದಣಿಯದ್ದು. ಬ್ರಿಟಿಷ್ ಕಾರ್ಖಾನೆಗಳ ಮಾದರಿ-ವರ್ಷ ಜನವರಿಯಲ್ಲಿ ಹುಟ್ಟುತ್ತಿರಲಿಲ್ಲ. ಬೇಸಗೆಯ ರಜೆ ಮುಗಿದು ಕಾರ್ಖಾನೆ ತೆರೆದಾಗ, ಅಂದರೆ ಆಗಸ್ಟಿನ ಹೊತ್ತಿಗೆ, ಮುಂದಿನ ವರ್ಷದ ಮಾದರಿಗಳು ಸಾಲಿನಲ್ಲಿ ಇಳಿಯತೊಡಗುತ್ತಿದ್ದವು. 1969ರ ಮಾದರಿಯಿಂದ ಟ್ರಯಂಫ್ ಮತ್ತು ಬಿ.ಎಸ್.ಎ. ಗಾಡಿಗಳ ಸಂಖ್ಯೆಯ ಮುಂದೆ ಎರಡು ಅಕ್ಷರಗಳು ಬರುತ್ತವೆ. ಮೊದಲನೆಯದು ತಿಂಗಳು, ಎರಡನೆಯದು ಮಾದರಿ-ವರ್ಷ. ‘ಎನ್ ಸಿ’ ಎಂದಿದ್ದರೆ ಎನ್ ಅಕ್ಟೋಬರ್, ಸಿ 1969. ಅಂದರೆ ಆ ಗಾಡಿ 1968ರ ಅಕ್ಟೋಬರಿನಲ್ಲಿ ಹುಟ್ಟಿ 1969ರ ಮಾದರಿಯೆನಿಸಿಕೊಂಡಿತು. ಅದು ಹಡಗೇರಿ ಬಂದು ಯಾವುದೋ ಊರಿನಲ್ಲಿ 1970ರಲ್ಲಿ ನೋಂದಣಿಯಾಗಿದ್ದರೆ ಮೂರು ಇಸವಿಗಳೂ ಸತ್ಯವೇ. ಅವುಗಳಲ್ಲಿ ಬೆಲೆ ಹೆಚ್ಚು ತರುವ ಒಂದನ್ನು ಆಯ್ದು ಉಳಿದೆರಡನ್ನು ಮುಚ್ಚಿಡುವುದು ಮಾತ್ರ ಅಸತ್ಯ.

ಆರ್.ಸಿ. ಪುಸ್ತಕದಲ್ಲಿ ಬರೆದಿದೆಯಲ್ಲ ಎನ್ನುವವರಿಗೆ ನಾವು ನಮ್ಮ ಮನೆಯ ಹಿರಿಯರ ಹುಟ್ಟಿದ ದಿನಗಳನ್ನು ನೆನಪಿಸುತ್ತೇವೆ. ಕರ್ನಾಟಕದ ಅದೆಷ್ಟು ಹಿರಿಯರು ಜೂನ್ ಒಂದರಂದು ಹುಟ್ಟಿದ್ದಾರೆ! ಶಾಲೆಗೆ ಸೇರಿಸಲು ಹೋದಾಗ ಮೇಷ್ಟ್ರು ಬರೆದುಕೊಂಡ ದಿನ ಅದು. ಅವ್ವನನ್ನು ಕೇಳಿದರೆ ಹುಣ್ಣಿಮೆಯ ಮಾತು, ಬರಗಾಲದ ಮಾತು, ಪಕ್ಕದ ಮನೆಯ ಎಮ್ಮೆ ಈದ ಮಾತು ಬರುತ್ತದೆ. ಸೈನ್ಯದ ಹರಾಜಿನಲ್ಲಿ ಕೊಂಡ ಗಾಡಿಗೆ ನಾಗರಿಕ ನೋಂದಣಿಯಾದ ದಿನವೂ ಅಂಥದೇ ಒಂದು ಜೂನ್ ಒಂದು. ಕರ್ನಾಟಕದಿಂದ ಮಹಾರಾಷ್ಟ್ರಕ್ಕೆ ಗಾಡಿ ತಂದು ಕೆ.ಎ. ಫಲಕ ತೆಗೆದು ಎಂ.ಎಚ್.12 ಹಾಕಿಸಿಕೊಂಡವರಿಗೆ ಗೊತ್ತು: ಹೊಸ ಕಾಗದ ಹಳೆಯ ಕಾಗದವನ್ನು ನೋಡಿ ಬರೆಯುತ್ತದೆ, ಗಾಡಿಯನ್ನು ನೋಡಿ ಬರೆಯುವುದು ಅಪರೂಪ. ಲಿಪಿಕಾರನ ತಪ್ಪು ಪ್ರತಿಯಿಂದ ಪ್ರತಿಗೆ ಇಳಿಯುವ ಬಗೆ ಹಸ್ತಪ್ರತಿಗಳನ್ನು ಬಲ್ಲವರಿಗೆ ಹೊಸದಲ್ಲ.

ಬುಲೆಟ್ಟಿನ ವಿಷಯದಲ್ಲಿ ಗೊಂದಲ ಇನ್ನೂ ದೊಡ್ಡದು. ಇಂಗ್ಲೆಂಡಿನ ರೆಡಿಚ್‌ನಲ್ಲಿ ಹುಟ್ಟಿದ ರಾಯಲ್ ಎನ್‌ಫೀಲ್ಡ್ ಬುಲೆಟ್ಟನ್ನು ನಮ್ಮಲ್ಲೇ ಕಟ್ಟಲು 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾಯಿತು. ಮೊದಲು ಅಲ್ಲಿಂದ ಬಂದ ಭಾಗಗಳ ಜೋಡಣೆ, ಆಮೇಲೆ ತಿರುವೊಟ್ಟಿಯೂರಿನಲ್ಲೇ ತಯಾರಿಕೆ. ಅಲ್ಲಿ ಮಾದರಿಗಳು ಬದಲಾದವು, ಕೊನೆಗೆ ಕಾರ್ಖಾನೆಯೇ ಮುಚ್ಚಿತು. ಇಲ್ಲಿ ಅದೇ ಮೈಕಟ್ಟು ದಶಕಗಳ ಕಾಲ ನಡೆಯಿತು. ಎಂಬತ್ತರ ದಶಕದ ಬುಲೆಟ್ಟಿಗೆ ಹಳೆಯ ಬಗೆಯ ಟ್ಯಾಂಕಿನ ಲಾಂಛನ, ಹಳೆಯ ದೀಪ, ಹಳೆಯ ಸೀಟು ಹಾಕಿ ‘ರೆಡಿಚ್ ಗಾಡಿ’ ಎಂದು ಮಾರುವುದು ಅದಕ್ಕೇ ಸುಲಭ. ಈ ವಂಚನೆಯಲ್ಲಿ ಕಳೆದುಹೋಗುವುದು ಕೊಂಡವನ ಹಣ ಮಾತ್ರವಲ್ಲ. ತಿರುವೊಟ್ಟಿಯೂರಿನ ಕಾರ್ಮಿಕ ಎರಕ ಹೊಯ್ದು, ಕಡೆದು, ಕಟ್ಟಿದ ಗಾಡಿಗೆ ಇಂಗ್ಲಿಷ್ ತಂದೆಯನ್ನು ಹುಡುಕಿ ಹೆಸರಿಡುತ್ತಿದ್ದೇವೆ. ಮದ್ರಾಸಿನ ಬುಲೆಟ್ಟು ಮದ್ರಾಸಿನದೆಂದೇ ಕರೆಸಿಕೊಳ್ಳಲು ನಾಚಬೇಕಾದ ಕಾರಣವೇನು?

ಇನ್ನು ನಿಯಮದ ಮಾತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯನ್ನು ಒದಗಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಮೂಲ ರೂಪ ಉಳಿದಿರಬೇಕು. ಚಾಸಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಫಲಕದ ಮೇಲೆ ‘ವಿ.ಎ.’ ಎಂಬ ಗುರುತು, ಪರಿಶೀಲನೆಗೆ ರಾಜ್ಯಮಟ್ಟದ ಸಮಿತಿ. ಉದ್ದೇಶವನ್ನು ನಾವು ಮೆಚ್ಚುತ್ತೇವೆ. ಆದರೆ ವಯಸ್ಸನ್ನು ಎಣಿಸಲು ನಿಯಮ ಹಿಡಿದ ಕೋಲು ಮೊದಲ ನೋಂದಣಿಯದು, ಅಂದರೆ ಕಾಗದದ್ದು. ಕಾಗದಕ್ಕೆ ಹೊಂದುವಂತೆ ಲೋಹವನ್ನು ತಿದ್ದುವ ಆಮಿಷವನ್ನು ಈ ಎಣಿಕೆಯೇ ಒಡ್ಡುತ್ತದೆ. ನಿಯಮ ‘ಮೂಲ ರೂಪ’ ಕೇಳಿದ ಕೂಡಲೇ ಮೂಲ ಸಂಖ್ಯೆಗಳನ್ನು ಹೊಡೆದುಕೊಡುವವನ ಅಂಗಡಿಗೆ ಗಿರಾಕಿ ಹೆಚ್ಚುತ್ತಾನೆ. ಹೀಗೆ ಹೊಡೆದ ಸಂಖ್ಯೆ ಒಮ್ಮೆ ಸಮಿತಿಯ ಕಣ್ಣು ತಪ್ಪಿಸಿದರೆ ಸುಳ್ಳಿಗೆ ಸರ್ಕಾರದ ಮುದ್ರೆಯೇ ಬಿದ್ದಂತೆ.

ನಮ್ಮ ವಾದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಗೌರವಕ್ಕೆ ಅರ್ಹವಾದದ್ದು ಒಂದಿದೆ. ಬಿಡಿಭಾಗಗಳ ಆಮದೇ ದುಸ್ತರವಾಗಿದ್ದ ಕಾಲದಲ್ಲಿ ನಮ್ಮ ಮೆಕ್ಯಾನಿಕ್‌ಗಳು ಒಂದರ ಕಾರ್ಬುರೇಟರನ್ನು ಇನ್ನೊಂದಕ್ಕೆ, ಬುಲೆಟ್ಟಿನ ಚಕ್ರವನ್ನು ಎಂ20ಗೆ, ಲೇತಿನಲ್ಲಿ ಕಡೆದ ಬುಷ್ಷನ್ನು ಎಲ್ಲಕ್ಕೂ ಹಾಕಿ ಈ ಗಾಡಿಗಳನ್ನು ಬದುಕಿಸಿದರು. ಅವರು ಇಲ್ಲದಿದ್ದರೆ ಇಂದು ಓದಲು ಗಾಡಿಯೇ ಇರುತ್ತಿರಲಿಲ್ಲ. ಅವರನ್ನೂ ವಂಚಕರೆನ್ನುತ್ತೀರಾ ಎಂಬುದು ಆ ಆಕ್ಷೇಪ. ಖಂಡಿತ ಇಲ್ಲ. ಅವರ ಕೆಲಸವೂ ಗಾಡಿಯ ಇತಿಹಾಸವೇ. ಹಾಳಾದ ಗರಿಯ ಜಾಗಕ್ಕೆ ಹೊಸ ಗರಿ ಸೇರಿಸಿ ಬರೆದ ಲಿಪಿಕಾರನಂತೆ ಅವರು ಪಠ್ಯವನ್ನು ಉಳಿಸಿದವರು. 1951ರ ಡೈನಮೋ ಹೊತ್ತ ಗಾಡಿಯಲ್ಲಿ ನಾಚಿಕೆಯ ಸಂಗತಿ ಏನೂ ಇಲ್ಲ. ಯಾವಾಗಲೋ ಒಬ್ಬ ಮೇಸ್ತ್ರಿ ಅದನ್ನು ಹೊಂದಿಸಿ ಒಬ್ಬ ಬಡ ಸವಾರನ ದಾರಿ ಸುಗಮ ಮಾಡಿದ್ದಾನೆ. ಅವನು ಸಂಖ್ಯೆಯನ್ನು ಮುಟ್ಟಲಿಲ್ಲ; ಮುಟ್ಟುವ ಅಗತ್ಯವೂ ಅವನಿಗಿರಲಿಲ್ಲ. ಪಂಚು ಹಿಡಿದವನ ಕತೆ ಬೇರೆ. ಅವನು ಮೇಸ್ತ್ರಿಯ ದುಡಿಮೆಯನ್ನೂ ಅಳಿಸಿ, ಗಾಡಿ ಎಂದೂ ಕೆಟ್ಟೇ ಇರಲಿಲ್ಲವೆಂಬ ಕಟ್ಟುಕತೆ ಬರೆಯುತ್ತಾನೆ.

ಎರಡನೆಯ ಆಕ್ಷೇಪ ಸೋಮಾರಿಯದು: ಇದರಿಂದ ಯಾರಿಗೆ ನಷ್ಟ? ಇಂಗ್ಲೆಂಡಿನ ವಿಂಟೇಜ್ ಮೋಟಾರ್‌ಸೈಕಲ್ ಕ್ಲಬ್ 1946ರಿಂದ ನಡೆದುಬಂದಿದೆ. ಹಲವು ಕಾರ್ಖಾನೆಗಳ ರವಾನೆ ಪುಸ್ತಕಗಳನ್ನು ಕಾಪಾಡಿಕೊಂಡು, ಸಂಖ್ಯೆ ಕಳಿಸಿದವರಿಗೆ ಗಾಡಿ ಯಾವಾಗ, ಎತ್ತ ಹೊರಟಿತೆಂದು ಹೇಳುತ್ತದೆ. ಇಲ್ಲಿ ಅಳಿಸಿದ ಒಂದೊಂದು ಸಂಖ್ಯೆಯೂ ಆ ಪುಸ್ತಕದ ಒಂದು ಸಾಲನ್ನು ಅನಾಥವಾಗಿಸುತ್ತದೆ. ಇಲ್ಲಿ ಹೊಡೆದ ಸುಳ್ಳು ಸಂಖ್ಯೆ ಬೇರೆಲ್ಲೋ ನಿಂತ ನಿಜವಾದ ಗಾಡಿಯ ಹೆಸರನ್ನು ಕದಿಯುತ್ತದೆ. ಅಲ್ಲದೆ ಈ ಹೆಸರುಗಳ ವಾರಸುದಾರರು ಈಗ ಯಾರು? ರಾಯಲ್ ಎನ್‌ಫೀಲ್ಡ್ ಐಷರ್ ಸಂಸ್ಥೆಯದು, ಬಿ.ಎಸ್.ಎ. ಮಹೀಂದ್ರಾ ಬಳಗದ ಕ್ಲಾಸಿಕ್ ಲೆಜೆಂಡ್ಸ್‌ನದು. ನಾರ್ಟನ್ 2020ರಿಂದ ಟಿ.ವಿ.ಎಸ್.ನದು; ಟ್ರಯಂಫ್ ಹೆಸರಿನ 400 ಸಿ.ಸಿ. ಗಾಡಿಗಳು 2023ರಿಂದ ನಮ್ಮ ಪುಣೆಯ ಬಳಿಯ ಚಾಕಣದಲ್ಲಿ ಬಜಾಜ್ ಕಾರ್ಖಾನೆಯಿಂದ ಹೊರಬರುತ್ತಿವೆ. ಹೆಸರನ್ನು ಕೊಂಡ ನಾಡು ಆ ಹೆಸರಿನ ಹಳೆಯ ಲೋಹವನ್ನು ಸುಳ್ಳಾಗಿಸಿದರೆ, ಆಸ್ತಿ ಬರೆಸಿಕೊಂಡು ಹಿರಿಯರ ಸಮಾಧಿ ಅಗೆದಂತಾಗುತ್ತದೆ.

ಲೋಹದ ಮೇಲೆ ಸುಳ್ಳು ಬರೆಯುವ ಕಲೆಯೂ ನಮಗೆ ಹೊಸದಲ್ಲ. ಗಂಗರ ತಾಮ್ರಪಟಗಳಲ್ಲಿ ಅನೇಕವು ಕೂಟಶಾಸನಗಳೆಂದು ಜೆ.ಎಫ್. ಫ್ಲೀಟ್ ವಾದಿಸಿದರು, ಅವನ್ನು ಬೆಳಕಿಗೆ ತಂದ ಬಿ.ಎಲ್. ರೈಸ್ ಒಪ್ಪಲಿಲ್ಲ. ಭೂಮಿಯ ಹಕ್ಕಿಗಾಗಿ ಹಿಂದಿನ ರಾಜನ ಹೆಸರಿನಲ್ಲಿ ಪಟ ಬರೆಸುವುದಕ್ಕೂ, ಬೆಲೆಗಾಗಿ ಹಿಂದಿನ ಇಸವಿಯಲ್ಲಿ ಸಂಖ್ಯೆ ಹೊಡೆಸುವುದಕ್ಕೂ ಮೂಲದಲ್ಲಿ ಭೇದವಿಲ್ಲ. ಹಿಡಿಯುವ ದಾರಿಯೂ ಒಂದೇ: ಅಕ್ಷರದ ಆಕಾರ, ಸಾಲಿನ ನೇರ, ತಿಥಿ-ವಾರಗಳ ತಾಳೆ. ಕಾರ್ಖಾನೆಯ ಪಂಚಿನ ಅಕ್ಷರಕ್ಕೆ ಅದರದೇ ಬಳುಕು. ಎರಕದ ಒರಟು ಮೈ ಅಲ್ಲಿ ಮಾತ್ರ ನುಣುಪಾಗಿದ್ದರೆ ಉಜ್ಜಿದ ಗುರುತು. ಈ ಕಾರಣಕ್ಕೇ ಟ್ರಯಂಫ್ 1969ರ ಸುಮಾರಿನಿಂದ ಸಂಖ್ಯೆ ಹೊಡೆಯುವ ಜಾಗದಲ್ಲಿ ತನ್ನ ಹೆಸರನ್ನು ಸಣ್ಣದಾಗಿ, ಸಾಲುಸಾಲಾಗಿ ಉಬ್ಬಿಸಿಟ್ಟಿತು. ಉಜ್ಜಿ ಅಳಿಸಿದ ಸಂಖ್ಯೆಯನ್ನೂ ಅಪರಾಧ ಪತ್ತೆಯ ಪ್ರಯೋಗಶಾಲೆಗಳು ರಾಸಾಯನಿಕ ಹಚ್ಚಿ ಮರಳಿ ಕಾಣಿಸುವುದುಂಟು, ಏಕೆಂದರೆ ಪಂಚಿನ ಪೆಟ್ಟು ಮೇಲ್ಮೈಯ ಕೆಳಗೂ ಲೋಹವನ್ನು ಜಜ್ಜಿರುತ್ತದೆ.

ಆದರೆ ಗೊತ್ತಿಲ್ಲದ ಇಸವಿಯನ್ನು ಏನು ಮಾಡಬೇಕು? ಇದಕ್ಕೆ ಉತ್ತರ ನಮ್ಮ ಊರಿನಲ್ಲೇ, ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿದೆ. ಅಲ್ಲಿ ವಿ.ಎಸ್. ಸುಕ್ಥಣಕರ್ ಮೊದಲಾದ ವಿದ್ವಾಂಸರು ಸಿದ್ಧಪಡಿಸಿದ, 1966ರಲ್ಲಿ ಪೂರ್ಣಗೊಂಡ ಮಹಾಭಾರತದ ಪರಿಷ್ಕೃತ ಆವೃತ್ತಿಯಲ್ಲಿ, ಪಾಠ ಪೂರ್ತಿ ಖಚಿತವಲ್ಲದ ಕಡೆ ಅಕ್ಷರಗಳ ಕೆಳಗೆ ಒಂದು ಅಲೆಗೆರೆ ಎಳೆದಿದ್ದಾರೆ. ಅನುಮಾನವನ್ನು ಮುಚ್ಚದೆ ಮುದ್ರಿಸುವ ಆ ಗೆರೆಗಿಂತ ದೊಡ್ಡ ವಿದ್ವತ್ತಿನ ಗುರುತು ನಮಗೆ ಕಂಡಿಲ್ಲ. ಹಲ್ಮಿಡಿ ಶಾಸನದಲ್ಲಿಯೂ ಇಸವಿಯಿಲ್ಲ. ಸುಮಾರು 450 ಎನ್ನುತ್ತೇವೆ, ಲಿಪಿಯನ್ನೂ ಹೆಸರುಗಳನ್ನೂ ಮುಂದಿಟ್ಟು ವಾದಿಸುತ್ತೇವೆ. ಆ ಕಲ್ಲಿನ ಮೇಲೆ ‘450’ ಎಂದು ಕೆತ್ತಿಬಿಟ್ಟರೆ ವಾದ ಮುಗಿಯಿತಲ್ಲ ಎಂದು ಯಾವ ವಿದ್ವಾಂಸನೂ ಉಳಿ ಹಿಡಿದು ಹೋಗಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಹಳೆಯ ಗಾಡಿಯ ನೋಂದಣಿಯಲ್ಲಿ ತಯಾರಿಕೆ, ಮಾದರಿ, ಮೊದಲ ನೋಂದಣಿ ಎಂಬ ಮೂರು ಅಂಕಣಗಳಿರಲಿ. ಪ್ರತಿಯೊಂದರಲ್ಲಿಯೂ ‘ಸುಮಾರು’ ಎಂದು ಬರೆಯಲು ಅವಕಾಶವಿರಲಿ. ಹಾಗೆ ಬರೆದವನಿಗೆ ನೋಂದಣಿ ನಿರಾಕರಿಸದಿರಲಿ. ಸಮಿತಿಗಳಲ್ಲಿ ಕಾಗದ ಓದುವವರ ಜೊತೆಗೆ ಲೋಹ ಓದಬಲ್ಲ ಒಬ್ಬ ಹಿರಿಯ ಮೆಕ್ಯಾನಿಕ್ ಇರಲಿ. ಗಾಡಿಗೆ ಹೊಸರೂಪ ಕೊಡುವವರು ಸಂಖ್ಯೆಯ ಜಾಗವನ್ನು ಉಜ್ಜದೆ, ಬಣ್ಣ ತುಂಬದೆ ಬಿಡಲಿ. ಯಾವ ಭಾಗ ಎಲ್ಲಿಂದ ಬಂತೆಂದು ಒಂದು ಹಾಳೆಯಲ್ಲಿ ಬರೆದುಕೊಡಲಿ. ಕೊಳ್ಳುವವರು ಆ ಹಾಳೆಯಿಲ್ಲದ ಗಾಡಿಗೆ ಇಸವಿಯ ಬೆಲೆ ತೆರದಿರಲಿ. ಮಾರುಕಟ್ಟೆ ಸುಳ್ಳನ್ನು ಬೆಳೆಯುವುದು ಸುಳ್ಳಿಗೆ ಬೆಲೆಯಿರುವವರೆಗೆ ಮಾತ್ರ.

ಹೊರನಾಡಿನ ಕನ್ನಡಿಗರಿಗೆ ಇದರಲ್ಲಿ ಪ್ರತ್ಯೇಕ ಕೆಲಸವೊಂದಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಗಾಡಿಯ ಮೂಲ ಬ್ರಿಟಿಷರದಲ್ಲ, ಚೆಕ್ಕರದು. ಆದರೆ ಜಾವಾ, ಯೆಜ್ಡಿಗಳ ಮೇಲೂ ಇದೇ ಪಂಚು ಬೀಳುವ ಕಾಲ ದೂರವಿಲ್ಲ. ಅಲ್ಲಿ ದುಡಿದವರು, ಅವರ ಮಕ್ಕಳು ಇಂದು ಪುಣೆ, ಮುಂಬಯಿ, ಹೈದರಾಬಾದುಗಳಲ್ಲಿಯೂ ಇದ್ದಾರು. ಯಾವ ವರ್ಷ ಯಾವ ಭಾಗ ಬದಲಾಯಿತು, ಸಂಖ್ಯೆಯನ್ನು ಯಾರು ಹೇಗೆ ಹೊಡೆಯುತ್ತಿದ್ದರು ಎಂಬುದನ್ನು ಅವರ ಬಾಯಿಂದ ಕೇಳಿ ಈಗಲೇ ಬರೆದಿಟ್ಟುಕೊಳ್ಳೋಣ. ನಿಮ್ಮ ಮನೆಯ ಕೆಳಗೆ ಹಳೆಯ ಗಾಡಿಯೊಂದು ನಿಂತಿದ್ದರೆ ಈ ವಾರವೇ ಟಾರ್ಚು, ಒಂದು ಬಟ್ಟೆ, ಒಂದು ನೋಟುಬುಕ್ಕು ಹಿಡಿದು ಹೋಗಿ. ಎಣ್ಣೆಯ ಜಿಡ್ಡನ್ನು ಮೆಲ್ಲನೆ ಒರೆಸಿ, ಕಂಡ ಅಕ್ಷರಗಳನ್ನು ಕಂಡಂತೆಯೇ ಬರೆದುಕೊಳ್ಳಿ. ಕಾಣದ ಅಕ್ಷರದ ಜಾಗದಲ್ಲಿ ಒಂದು ಅಲೆಗೆರೆ ಎಳೆಯಿರಿ.